ತೆಗೆಯಬಾರದ ಉಂಗುರ

ನಾನು ಒಂದು ಉಂಗುರ. ಚಿನ್ನದ ಮೈ, ನಡುವೆ ಕೆಂಪು ಹರಳು. ಆ ಹರಳನ್ನು ಹಿಡಿದುಕೊಳ್ಳಲಿಕ್ಕೆ ನನಗೆ ನಾಲ್ಕು ಹಲ್ಲುಗಳಿವೆ. ಹಲ್ಲಿದ್ದವರೆಲ್ಲ ಕೆಟ್ಟವರಲ್ಲ, ಒಪ್ಪಿದೆ. ಆದರೆ ಕಚ್ಚಿದ್ದನ್ನು ಬಿಡುವುದು ಹೇಗೆ ಅಂತ ನನಗೆ ಯಾರೂ ಕಲಿಸಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಹುಟ್ಟಿದ್ದು ಚನ್ನಪಟ್ಟಣದ ಒಂದು ಹಳೇ ಬೀದಿಯಲ್ಲಿ, ನಂಜುಂಡಾಚಾರಿಯ ಕೈಯಲ್ಲಿ. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಅಪ್ಪನ ಸಹಾಯವಿಲ್ಲದೆ ಅವನು ಮಾಡಿದ ಮೊದಲ ಕೆಲಸವೇ ನಾನು. ಮೂಸೆಯಲ್ಲಿ ಕರಗಿದ್ದು, ಸುತ್ತಿಗೆಯಲ್ಲಿ ಬಡಿಸಿಕೊಂಡಿದ್ದು, ಅರದಲ್ಲಿ ಉಜ್ಜಿಸಿಕೊಂಡಿದ್ದು, ಎಲ್ಲ ನೆನಪಿದೆ. ಹರಳನ್ನು ಎಲ್ಲರ ಕಣ್ಣಿಗೂ ಬೀಳುವ ಹಾಗೆ ಮಾಡಬೇಕು ಅಂತ ಹುಡುಗನಿಗೆ ಆಸೆ. ನಾಲ್ಕು ಹಲ್ಲುಗಳನ್ನು ಉದ್ದಕ್ಕೆ ಎಬ್ಬಿಸಿ ಹರಳನ್ನು ಎತ್ತರದಲ್ಲಿ ಇಟ್ಟ. ಅವರಪ್ಪ ನನ್ನನ್ನು ಬೆಳಕಿಗೆ ಹಿಡಿದು ನೋಡಿ ಮುಖ ಸಿಂಡರಿಸಿದ.

"ಹರಳನ್ನ ಕೂರಿಸ್ಬೇಕು ಕಣೋ, ನಿಲ್ಲಿಸ್ಬಾರದು. ನಿಂತಿರೋದು ಎಲ್ಲದಕ್ಕೂ ತಗಲ್ಕೊಳ್ಳುತ್ತೆ."

ಮಗ ಕೇಳಲಿಲ್ಲ. ಇಪ್ಪತ್ತೆರಡರಲ್ಲಿ ಯಾರು ಕೇಳುತ್ತಾರೆ? ನನಗೂ ಆಗ ಖುಷಿಯೇ. ಎತ್ತರದಲ್ಲಿ ನಿಂತವನಿಗೆ ಕೆಳಗಿನವರ ಮಾತು ಹೊಟ್ಟೆಕಿಚ್ಚಿನ ಹಾಗೇ ಕೇಳಿಸುತ್ತದೆ.

ನನ್ನನ್ನು ಮೊದಲು ತೊಟ್ಟವಳು ಚೆನ್ನಾಜಮ್ಮ. ಮದ್ದೂರು ಕಡೆಯ ಹಳ್ಳಿಯವಳು, ದುಂಡು ಕೈ, ದುಂಡು ಬೆರಳು, ಮಾತಿಗಿಂತ ಮುಂಚೆ ನಗು. ವೀಳ್ಯಶಾಸ್ತ್ರದ ದಿನ ಶಿವನಂಜಪ್ಪ ಅನ್ನುವ ಉದ್ದನೆಯ ಗಂಡು ನನ್ನನ್ನು ಅವಳ ಎಡಗೈಗೆ ತೊಡಿಸಿದ. ನೆಂಟರೆಲ್ಲ ಅವಳ ಕೈ ಹಿಡಿದು ಹಿಡಿದು ನೋಡಿದರು. ಒಂದು ವಾರ ನಾನೇ ಆ ಊರಿನ ಮಾತು.

ಆಮೇಲೆ ಶುರುವಾಯಿತು ನೋಡಿ ನಿಜವಾದ ಸಂಸಾರ. ಮುದ್ದೆ ತೊಳಸಿದರೆ ಹಿಟ್ಟು ನನ್ನ ಹಲ್ಲಿನ ಸಂದಿಯಲ್ಲಿ ಹೊಕ್ಕು ಒಣಗಿ ಗಟ್ಟಿಯಾಗುತ್ತಿತ್ತು. ಸೀರೆ ಉಡುವಾಗ ಸೆರಗಿನ ಎಳೆ ಕಿತ್ತು ಬರುತ್ತಿತ್ತು. ಎಮ್ಮೆ ಮೈ ತೊಳೆದರೆ ಅದರ ಕೂದಲು ಕಚ್ಚಿಕೊಂಡು ಎಮ್ಮೆ ಒದೆಯುತ್ತಿತ್ತು. ಒಂದು ಗಂಡು ಮಗು ಹುಟ್ಟಿತು. ಉಮಾಪತಿ ಅಂತ ಹೆಸರಿಟ್ಟರು. ಅದಕ್ಕೆ ಒಂಬತ್ತು ತಿಂಗಳಾಗಿದ್ದಾಗ ಸ್ನಾನ ಮಾಡಿಸುತ್ತಾ ಅವಳು ಕೆನ್ನೆ ಒರೆಸಿದಳು, ನಾನು ಗೀರಿಬಿಟ್ಟೆ. ಹಾಲಿನಂಥ ಕೆನ್ನೆಯ ಮೇಲೆ ಅಕ್ಕಿಕಾಳಿನಷ್ಟು ಉದ್ದದ ಗಾಯ. ಮಗು ಕಿಟಾರನೆ ಕಿರುಚಿತು. ಆ ಕಲೆ ಇವತ್ತಿಗೂ ಇದೆ.

"ಹಾಳಾದ್ದು!" ಅಂತ ಬೈದು ಚೆನ್ನಾಜಮ್ಮ ನನ್ನನ್ನು ಬೆರಳಿಂದ ಕಿತ್ತು ಅಡುಗೆಮನೆಯ ಗೂಡಿನಲ್ಲಿ ಇಟ್ಟಳು.

ಅದೇ ದಿನ, ಇನ್ನೂ ಮಧ್ಯಾಹ್ನದ ಊಟ ಆಗಿರಲಿಲ್ಲ, ಶಿವನಂಜಪ್ಪ ಹಿತ್ತಲ ತೆಂಗಿನಮರದಿಂದ ಬಿದ್ದ. ಎಳನೀರು ಕೀಳಲಿಕ್ಕೆ ಹತ್ತಿದ್ದ. ಮರಕ್ಕೆ ಕಟ್ಟಿದ್ದ ಪಾಚಿ ಹಿಂದಿನ ದಿನದ ಮಳೆಗೆ ನೆನೆದು ಜಾರುತ್ತಿತ್ತು. ಅಷ್ಟೇ ಕಾರಣ. ನಾನು ಗೂಡಿನಲ್ಲಿದ್ದೆ ಸ್ವಾಮಿ, ಮರದ ಹತ್ತಿರವೂ ಇರಲಿಲ್ಲ. ಆದರೆ ಹೆಣದ ಮುಂದೆ ಕೂತು ಎದೆ ಬಡಿದುಕೊಳ್ಳುತ್ತಿದ್ದವಳು ತನ್ನ ಬರಿ ಬೆರಳನ್ನು ನೋಡಿಕೊಂಡಳು. ಅಳು ನಿಂತುಹೋಯಿತು. ಅವಳ ಮುಖ ನೋಡಿ ಸುತ್ತಲಿದ್ದ ಹೆಂಗಸರೆಲ್ಲ ಹೆದರಿದರು.

ಅವತ್ತಿಂದ ಅವಳ ತಲೆಯಲ್ಲಿ ಒಂದೇ ಮಾತು ಬೇರೂರಿತು: ತೆಗೆದೆ, ಹೋದರು. ಮರದ ಪಾಚಿಯ ಮಾತು ಯಾರೂ ಆಡಲಿಲ್ಲ, ಆಡಿದ್ದರೂ ಅವಳ ಕಿವಿಗೆ ಹೋಗುತ್ತಿರಲಿಲ್ಲ. ನನ್ನನ್ನು ಒಂದು ಕೆಂಪು ವಸ್ತ್ರದಲ್ಲಿ ಸುತ್ತಿ ದೇವರ ಪೆಟ್ಟಿಗೆಯಲ್ಲಿಟ್ಟಳು. ಇಪ್ಪತ್ತೇಳು ವರ್ಷ ಅಲ್ಲೇ ಇದ್ದೆ. ವಿಭೂತಿಯ ವಾಸನೆ, ಕತ್ತಲೆ. ಆಗಾಗ ಅವಳು ಪೆಟ್ಟಿಗೆ ತೆರೆದು ನನ್ನನ್ನು ಮುಟ್ಟಿ, "ನನ್ನ ಮಗನ್ನ ಕಾಯಿ" ಅಂತಿದ್ದಳು. ನಾನು ಕಾಯುವವನಲ್ಲ ತಾಯಿ, ಕಚ್ಚುವವನು ಅಂತ ಹೇಳೋಣ ಅಂದರೆ ಬಾಯಿ ಎಲ್ಲಿದೆ?

ಮಗು ಬೆಳೆದು ಊರಿನ ಹಾಲಿನ ಡೇರಿಯಲ್ಲಿ ಕೆಲಸಕ್ಕೆ ಸೇರಿದ. ಒಳ್ಳೆಯ ಹುಡುಗನೇ. ಯಾರ ತಂಟೆಗೂ ಹೋಗುವವನಲ್ಲ. ಅದೇ ಅವನ ಗುಣ, ಅದೇ ಅವನ ರೋಗ. ಅಮ್ಮ ಹೂ ಅಂದರೆ ಹೂ, ಅಮ್ಮ ಉಹೂ ಅಂದರೆ ಉಹೂ.

ಅವನಿಗೆ ಗೊತ್ತಾದ ಹುಡುಗಿ ಜಯಶೀಲಾ. ಚನ್ನಪಟ್ಟಣದವಳು, ಇಪ್ಪತ್ತನಾಲ್ಕು ವರ್ಷ, ಮರದ ಗೊಂಬೆ ಮಾಡುವ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ. ಹಾಲೆ ಮರದ ತುಂಡು ಗಿರ್ರನೆ ತಿರುಗುತ್ತಿದ್ದರೆ ಅವಳು ಉಳಿ ಹಿಡಿದು ಅದಕ್ಕೆ ರೂಪ ಕೊಡುತ್ತಿದ್ದಳು, ಮೇಲೆ ಬಣ್ಣದ ಅರಗು ಹಚ್ಚಿ ಹೊಳಪು ಬರಿಸುತ್ತಿದ್ದಳು. ಅವಳು ಮಾಡಿದ ಬುಗುರಿ ನಿಲ್ಲುವುದನ್ನೇ ಮರೆಯುತ್ತದೆ ಅಂತ ಪೇಟೆಯಲ್ಲೆಲ್ಲ ಹೆಸರು. ಅವಳು ಮದುವೆಗೆ ಒಪ್ಪುವ ಮುಂಚೆ ಉಮಾಪತಿಗೆ ಒಂದೇ ಮಾತು ಕೇಳಿದ್ದಳಂತೆ: "ಮದ್ವೆ ಆದ್ಮೇಲೂ ಕೆಲ್ಸ ಬಿಡಲ್ಲ. ಸರೀನಾ?" ಅವನು ಸರಿ ಅಂದಿದ್ದನಂತೆ. ಆ ಹುಡುಗಿಗೆ ತನ್ನ ಕೈಗಳೆಂದರೆ ಅಷ್ಟು ಜಂಬ. ಇರಬೇಕಾದ್ದೇ.

ಚೈತ್ರದ ಕೊನೆಯಲ್ಲಿ ನನ್ನನ್ನು ಪೆಟ್ಟಿಗೆಯಿಂದ ತೆಗೆದರು. ಚೆನ್ನಾಜಮ್ಮ, ಉಮಾಪತಿ, ಜಯಶೀಲಾ ಮೂವರೂ ನಂಜುಂಡಾಚಾರಿಯ ಅಂಗಡಿಗೆ ಬಂದರು. ಜಯಶೀಲಾಳ ಅಪ್ಪನೂ ಬಂದಿದ್ದ, ಆದರೆ ಹೆಣ್ಣಿನ ಕಡೆಯವರು ಒಡವೆ ವಿಷಯದಲ್ಲಿ ಬಾಯಿ ಹಾಕಬಾರದು ಅಂತ ಹೊರಗಿನ ಬೆಂಚಿನ ಮೇಲೇ ಕೂತ. ಆಚಾರಿಗೆ ಈಗ ತಲೆ ನರೆತಿತ್ತು, ಕಣ್ಣಿಗೆ ದಪ್ಪ ಕನ್ನಡಕ. ವಸ್ತ್ರ ಬಿಚ್ಚಿ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದ. ತಾನು ಹೆತ್ತ ಮಗುವನ್ನು ಗುರುತಿಸದೆ ಇರುತ್ತಾರೆಯೇ? ಆದರೆ ಅವನ ಮುಖದಲ್ಲಿ ಸಂತೋಷ ಕಾಣಲಿಲ್ಲ.

"ಏನ್ ಕೆಲ್ಸ ಮಾಡ್ತೀಯಮ್ಮ?" ಅಂತ ಹುಡುಗಿಯನ್ನು ಕೇಳಿದ.

"ಲೇತ್ ಮೇಲೆ ಆಚಾರ್ರೇ. ಬುಗುರಿ, ಗಿಲಕಿ, ಎಲ್ಲ ಮಾಡ್ತೀನಿ."

ಆಚಾರಿ ನನ್ನನ್ನು ಕೆಳಗಿಟ್ಟ. ಹಲಗೆಯ ಮೇಲೆ ಇನ್ನೆರಡು ಉಂಗುರ ತಂದಿಟ್ಟ. ಒಂದರಲ್ಲಿ ಹರಳಿನ ಸುತ್ತ ಚಿನ್ನದ ಗೋಡೆ, ಬಾವಿಗೆ ಕಟ್ಟೆ ಕಟ್ಟಿದ ಹಾಗೆ. ಇನ್ನೊಂದರಲ್ಲಿ ಹರಳು ಉಂಗುರದ ಮೈಯೊಳಗೇ ಇಳಿದು ಕೂತಿತ್ತು, ಸವರಿದರೆ ಬೆರಳಿಗೆ ಏರು ತಗ್ಗು ಸಿಗದ ಹಾಗೆ. ಆಮೇಲೆ ಒಂದು ತುಂಡು ಅರಳೆ ತೆಗೆದುಕೊಂಡು ಮೂರು ಉಂಗುರಗಳ ಮೇಲೂ ಎಳೆದ. ಆ ಎರಡರ ಮೇಲೆ ಅರಳೆ ಜಾರಿ ಹೋಯಿತು. ನನ್ನ ಮೇಲೆ ಎಳೆದಾಗ ಅರ್ಧ ಅರಳೆ ನನ್ನ ಹಲ್ಲಿನಲ್ಲೇ ಉಳಿಯಿತು.

"ನೋಡಿದ್ರಾ? ತೋರ್ಸೋ ಉಂಗುರ ಬೇರೆ, ಬಳ್ಸೋ ಉಂಗುರ ಬೇರೆ. ದಿನಾ ಹಾಕ್ಕೊಳ್ಳೋದು ಬೆರಳಿಗೆ ಮರ್ತು ಹೋಗ್ಬೇಕು. ಈ ಹರಳನ್ನ ಬಿಚ್ಚಿ, ಇಗೋ ಹೀಗೆ ಒಳಕ್ಕೆ ಕೂರಿಸ್ಕೊಡ್ತೀನಿ. ಒಳಮೈ ದುಂಡಗೆ ಮಾಡ್ತೀನಿ, ಒತ್ತಲ್ಲ, ಬೆವರು ನಿಲ್ಲಲ್ಲ. ಚಿನ್ನ ಅದೇ, ಹರಳು ಅದೇ."

ಜಯಶೀಲಾ ಹರಳು ಒಳಗಿಳಿದ ಆ ಉಂಗುರವನ್ನು ಹಾಕಿಕೊಂಡು ಮುಷ್ಟಿ ಕಟ್ಟಿದಳು, ಬಿಚ್ಚಿದಳು, ಉಳಿ ಹಿಡಿಯುವ ಹಾಗೆ ಬೆರಳು ಮಡಚಿ ನೋಡಿದಳು. "ಅಯ್ಯೋ, ಇದು ಇರೋದೇ ಗೊತ್ತಾಗಲ್ಲ!" ಅಂತ ಮುಖ ಅರಳಿಸಿದಳು. ನಿಜ ಹೇಳುತ್ತೇನೆ, ನನಗೆ ಉರಿದುಹೋಯಿತು. ಇರುವುದೇ ಗೊತ್ತಾಗದಿದ್ದ ಮೇಲೆ ಉಂಗುರ ಯಾಕೆ ಅಂದುಕೊಂಡೆ. ನನ್ನ ಆ ಜಂಬಕ್ಕೆ ಬೆಂಕಿ ಬೀಳಲಿ.

"ಬಿಚ್ಚೋದಾ? ಬೆಂಕಿಗೆ ಇಡೋದಾ?" ಚೆನ್ನಾಜಮ್ಮ ನನ್ನನ್ನು ಹಲಗೆಯಿಂದ ಎತ್ತಿ ಮುಷ್ಟಿಯಲ್ಲಿ ಹಿಡಿದಳು. "ಬೇಡ ಆಚಾರ್ರೇ. ಇದು ಹ್ಯಾಗಿದೆಯೋ ಹಾಗೇ ಇರ್ಬೇಕು. ಶಾಸ್ತ್ರದ ದಿನ ಬೆರಳಿಗೆ ಹೋದ್ರೆ ತಾಳಿ ಬೀಳೋ ತನಕ ಈಚೆ ಬರಕೂಡದು. ಒಂದ್ಸಲ ತೆಗ್ದು ನಾನು ಅನುಭವಿಸಿದ್ದು ಸಾಕು."

"ಆದ್ರೆ ಅಮ್ಮ, ಹುಡುಗಿ ಮಿಷನ್ ಮುಂದೆ..."

"ನಂಗೆ ಇರೋನು ಒಬ್ಬ ಮಗ."

ಜಯಶೀಲಾ ಉಮಾಪತಿಯ ಮುಖ ನೋಡಿದಳು. ಅವನು ಕೆನ್ನೆಯ ಕಲೆಯನ್ನು ತಡವಿಕೊಂಡ. ಅಮ್ಮನನ್ನು ನೋಡಿದ, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದ. ಶ್ರಾವಣಕ್ಕೆ ಮದುವೆ ಗೊತ್ತಾಗಿತ್ತು.

"ಮೂರು ತಿಂಗ್ಳು ತಾನೆ. ಹೊಂದ್ಕೊಂಡ್ಬಿಡು ಜಯಾ," ಅಂದ.

ನಾನು ಅವಳ ಬೆರಳಿಗೆ ಸಡಿಲ. ಚೆನ್ನಾಜಮ್ಮನ ಹರೆಯದ ದುಂಡು ಬೆರಳೆಲ್ಲಿ, ಈ ಹುಡುಗಿಯ ನೀಳ ಬೆರಳೆಲ್ಲಿ! ಚಿನ್ನ ಕತ್ತರಿಸಿ ಚಿಕ್ಕದು ಮಾಡುತ್ತೇನೆ ಅಂದ ಆಚಾರಿ. ಅದಕ್ಕೂ ಕೂಡದು. ಚೆನ್ನಾಜಮ್ಮ ಚೀಲದಿಂದ ಅರಿಶಿನದ ದಾರದ ಉಂಡೆ ತೆಗೆದು, ನನ್ನ ಹಿಂಬದಿಗೆ ಒತ್ತೊತ್ತಾಗಿ ಸುತ್ತಿದಳು. ಎಲ್ಲರ ಮನೆಯಲ್ಲೂ ಹಾಗೇ ಮಾಡುತ್ತಾರೆ, ಸಡಿಲ ಉಂಗುರಕ್ಕೆ ದಾರ. ಅವಳು ಹಲ್ಲಿನಲ್ಲಿ ದಾರ ಕಡಿದು ಗಂಟು ಹಾಕಿ, "ಇನ್ನು ಎಳೆದ್ರೂ ಬರಲ್ಲ" ಅಂದಳು.

ಆಚಾರಿ ಅವರನ್ನು ಬಾಗಿಲವರೆಗೆ ಕಳಿಸಲು ಬಂದ. "ಜಾರದೇ ಇರೋದು ಯಾವಾಗ್ಲೂ ಒಳ್ಳೇದಲ್ಲ ತಾಯಿ," ಅಂದ. ಮೆಟ್ಟಿಲಿಳಿಯುತ್ತಿದ್ದವರಿಗೆ ಕೇಳಿಸಿತೋ ಇಲ್ಲವೋ, ನನಗೆ ಕೇಳಿಸಿತು.

ವೈಶಾಖದಲ್ಲಿ ಶಾಸ್ತ್ರವಾಯಿತು. ನಾನು ಜಯಶೀಲಾಳ ಎಡಗೈಯ ಉಂಗುರದ ಬೆರಳು ಸೇರಿದೆ. ಮಾರನೆಯ ದಿನವೇ ಅವಳ ಜೊತೆ ಕಾರ್ಖಾನೆಗೆ ಹೋದೆ. ಅಬ್ಬಾ, ಅದೇನು ಸದ್ದು! ಹತ್ತು ಲೇತುಗಳು ಒಟ್ಟಿಗೆ ಗುಂಯ್‌ಗುಡುತ್ತಿದ್ದವು. ಎಲ್ಲಿ ನೋಡಿದರೂ ತಿರುಗುವ ವಸ್ತುಗಳೇ. ತಿರುಗುವುದನ್ನು ಕಂಡರೆ ನನ್ನ ಹಲ್ಲುಗಳು ಜುಂ ಅನ್ನುತ್ತಿದ್ದವು. ಅವತ್ತೇ ನನಗೆ ಒಂದು ಥರದ ಸಂಕಟ ಶುರುವಾಯಿತು.

ಅವಳ ಪಕ್ಕದ ಲೇತಿನಲ್ಲಿ ಮೆಹರ್‌ಬಿ ಅಂತ ಒಬ್ಬ ಹೆಂಗಸು. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡಿದವಳು. ಕೈಗೆ ಬಳೆ ಇಲ್ಲ, ಕಿವಿಗೆ ಮಾತ್ರ ಚಿಕ್ಕ ಓಲೆ. ಜಯಶೀಲಾ ಅವಳನ್ನು ಅಕ್ಕ ಅನ್ನುವ ಹಾಗೆ ಆಪಾ ಅಂತ ಕರೆಯುತ್ತಿದ್ದಳು. ಆಪಾ ನನ್ನನ್ನು ನೋಡಿದವಳೇ ತನ್ನ ಲೇತಿನ ಸ್ವಿಚ್ ಆರಿಸಿದಳು.

"ಏನ್ ಮಾ ಇದು? ತೆಗಿ. ಮೊದ್ಲು ತೆಗಿ."

"ತೆಗೀಬಾರ್ದಂತೆ ಆಪಾ. ಅತ್ತೆ ಹೇಳವ್ರೆ."

"ಅತ್ತೆ ಬಂದು ಲೇತ್ ಓಡಿಸ್ತಾಳಾ? ಈ ಮಿಷನ್‌ಗೆ ಅತ್ತೆ ಗೊತ್ತಿಲ್ಲ, ಸೊಸೆ ಗೊತ್ತಿಲ್ಲ. ಸಿಕ್ಕಿದ್ದು ಎಳ್ಕೊಳ್ಳೋದು ಅಷ್ಟೇ ಗೊತ್ತು."

ಜಯಶೀಲಾ ನಕ್ಕಳು. ಆದರೆ ಅದೇ ವಾರದಲ್ಲಿ ನಾನು ಎರಡು ಸಲ ತಗಲಿಕೊಂಡೆ. ಒಮ್ಮೆ ಅವಳ ಚೂಡಿದಾರದ ವೇಲಿಗೆ, ಒಮ್ಮೆ ಗಿಲಕಿಯ ಅಂಚಿಗೆ. ಎರಡನೇ ಸಲ ಅವಳ ಕೈ ಒಂದು ಗೇಣು ಎಳೆದುಕೊಂಡು ಹೋಗಿ, ದೇವರ ದಯೆ, ಬಿಡಿಸಿಕೊಂಡಿತು. ಬೆರಳಿನ ಬುಡ ಕೆಂಪಾಗಿ ಊದಿತು. ಅವಳು ಲೇತ್ ಆರಿಸಿದಳು. ಆಮೇಲೆ ಸೋಪು ನೀರು ಹಚ್ಚಿ, ತಿರುವಿ ತಿರುವಿ ನನ್ನನ್ನು ಬೆರಳಿಂದ ಬಿಡಿಸಿ, ವೇಲಿನ ತುದಿಗೆ ಗಂಟು ಕಟ್ಟಿಕೊಂಡಳು.

ಒಂದು ತಿಂಗಳು ಹಾಗೇ ನಡೆಯಿತು. ಬೆಳಿಗ್ಗೆ ಗಂಟಿನೊಳಗೆ, ಸಂಜೆ ಬೆರಳಿಗೆ. ನನ್ನ ಜೀವನದಲ್ಲಿ ಅಷ್ಟು ನೆಮ್ಮದಿಯ ದಿನಗಳು ಬೇರೆ ಇಲ್ಲ. ಗಂಟಿನೊಳಗೆ ಅರಗಿನ ಬಿಸಿ ವಾಸನೆ ಬರುತ್ತಿತ್ತು, ಹೊರಗೆ ಅವಳು ಮೆಹರ್‌ಬಿ ಜೊತೆ ಹರಟುತ್ತಿದ್ದಳು. ಮದುವೆಗೆ ಬಂದವರಿಗೆಲ್ಲ ತಾಂಬೂಲದ ಜೊತೆ ಒಂದೊಂದು ಬುಗುರಿ ಕೊಡಬೇಕು ಅಂತ ಅವಳ ಆಸೆ. ನೂರೈವತ್ತು ಬುಗುರಿ, ತನ್ನ ಕೈಯಿಂದಲೇ. ತೊಂಬತ್ತು ಆಗಲೇ ಮುಗಿದಿದ್ದವು.

ಆಷಾಢದಲ್ಲಿ ಉಮಾಪತಿಗೆ ಜ್ವರ ಬಂತು. ಬಿಟ್ಟು ಬಿಟ್ಟು ಬರುವ ಜ್ವರ, ಎಂಟು ದಿನವಾದರೂ ಇಳಿಯಲಿಲ್ಲ. ಚೆನ್ನಾಜಮ್ಮ ದೇವರಿಗೆ ಹರಕೆ ಹೊತ್ತು, ಪ್ರಸಾದ ಕೊಡಲಿಕ್ಕೆ ಅಂತ ಹೇಳದೆ ಕೇಳದೆ ಕಾರ್ಖಾನೆಗೆ ಬಂದಳು. ಜಯಶೀಲಾ ಲೇತ್ ಮುಂದೆ ಇದ್ದಳು. ಪ್ರಸಾದಕ್ಕೆ ಎರಡೂ ಕೈ ಚಾಚಿದಳು, ಎಡಗೈ ಬೆರಳು ಬರಿದಾಗಿತ್ತು.

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಹುಡುಗಿ ತಿರುಗಿ ಮಾತಾಡುತ್ತಿದ್ದಳು. ಚೆನ್ನಾಜಮ್ಮ ಮರದ ಹೊಟ್ಟಿನ ಮೇಲೆ ಕುಸಿದು ಕೂತು, ಮಗುವಿನ ಹಾಗೆ ಅತ್ತಳು.

"ಎಷ್ಟು ದಿನದಿಂದ ತೆಗೀತಿದ್ದೀಯವ್ವ? ಹೇಳು. ಅವ್ನಿಗೆ ಜ್ವರ ಬಂದು ಎಂಟು ದಿನ. ನಾನೂ ಹಿಂಗೇ ತೆಗ್ದಿಟ್ಟೆ. ಮಧ್ಯಾಹ್ನದ ಊಟಕ್ಕೆ ಎಲೆ ಹಾಕಿದ್ದೆ, ಎಲೆ ಹಂಗೇ ಉಳೀತು. ನಿನ್ನ ಕಾಲಿಗೆ ಬೀಳ್ತೀನಿ, ನನ್ನ ಮಗನ್ನ ಉಳಿಸ್ಕೊಡು."

ವಯಸ್ಸಾದವಳು ನಿಜವಾಗಿಯೂ ಕಾಲಿಗೆ ಬೀಳಲು ಬಗ್ಗಿದಳು. ಜಯಶೀಲಾ ಅವಳ ಎರಡೂ ಕೈ ಹಿಡಿದು ಎತ್ತಿದಳು. ಅವಳಿಗೆ ಇದರಲ್ಲೆಲ್ಲ ನಂಬಿಕೆ ಇರಲಿಲ್ಲ. ಆದರೆ ಇಷ್ಟಪಟ್ಟ ಹುಡುಗ ಅಲ್ಲಿ ಜ್ವರದಲ್ಲಿ ಬಿದ್ದಿರುವಾಗ ನಂಬಿಕೆ ಇಲ್ಲದವರಿಗೂ ಭಯ ಇರುತ್ತದೆ. ಗಂಟು ಬಿಚ್ಚಿ ನನ್ನನ್ನು ತೆಗೆದು ಚೆನ್ನಾಜಮ್ಮನ ಕೈಗೆ ಕೊಟ್ಟಳು. ಚೆನ್ನಾಜಮ್ಮ ದಾರವನ್ನು ಇನ್ನೂ ನಾಲ್ಕು ಸುತ್ತು ಬಿಗಿದು, ಅವಳ ಬೆರಳಿಗೆ ಒತ್ತಿ ತೊಡಿಸಿದಳು. ಬೆರಳಿನ ಗೆಣ್ಣು ದಾಟುವಾಗ ಹುಡುಗಿಗೆ ನೋವಾಯಿತು, ತುಟಿ ಕಚ್ಚಿಕೊಂಡಳು.

"ಇನ್ನು ತೆಗಿಯಲ್ಲ ಅತ್ತೆ. ಆಣೆ," ಅಂದಳು.

ಮೆಹರ್‌ಬಿ ಎಲ್ಲವನ್ನೂ ನೋಡುತ್ತಾ ನಿಂತಿದ್ದಳು. ಚೆನ್ನಾಜಮ್ಮ ಹೋದ ಮೇಲೆ, "ಹಾಗಾದ್ರೆ ಮದ್ವೆ ತನ್ಕ ಲೇತ್ ಮುಟ್ಬೇಡ. ಪ್ಯಾಕಿಂಗ್‌ಗೆ ಹೋಗು," ಅಂದಳು. ಜಯಶೀಲಾ ಒಪ್ಪಿದಳು. ಮೂರು ದಿನ ಪ್ಯಾಕಿಂಗ್ ಮಾಡಿದಳು ಕೂಡ. ನಾಲ್ಕನೆಯ ದಿನಕ್ಕೆ ಉಮಾಪತಿಯ ಜ್ವರ ಇಳಿಯಿತು. ಡಾಕ್ಟರು ಕೊಟ್ಟ ಮಾತ್ರೆಗೆ ಇಳಿಯಿತು ಅಂತ ನಾನು ಹೇಳುತ್ತೇನೆ, ಚೆನ್ನಾಜಮ್ಮ ಬೇರೆ ಹೇಳುತ್ತಾಳೆ.

ಅವನು ಫೋನ್ ಮಾಡಿ, "ಜಯಾ, ಹುಷಾರಾದೆ ಕಣೇ" ಅಂದಾಗ ಹುಡುಗಿಯ ಬೆರಳುಗಳೆಲ್ಲ ಬೆಚ್ಚಗಾದವು, ನನಗೆ ಗೊತ್ತಾಯಿತು. ಖುಷಿಗೆ ಅವಳ ಕಣ್ಣು ಬುಗುರಿಗಳ ಬುಟ್ಟಿಯ ಕಡೆ ಹೋಯಿತು. ಇನ್ನು ಅರವತ್ತು ಬಾಕಿ. ಮದುವೆಗೆ ಹದಿನೆಂಟೇ ದಿನ. ಮೆಹರ್‌ಬಿ ಅವತ್ತು ಮಗಳ ಮನೆಗೆ ಹೋಗಿದ್ದಳು.

ಬೆಳಗಿನ ಹನ್ನೊಂದು ಗಂಟೆ. ಕಿಟಕಿಯಿಂದ ಒಳ್ಳೆ ಬಿಸಿಲು ಬೀಳುತ್ತಿತ್ತು. ಅವಳು ಮತ್ತೆ ಲೇತ್ ಮುಂದೆ ಕೂತು ಮೂರು ಬುಗುರಿ ಮುಗಿಸಿದಳು. ನನ್ನ ಹರಳನ್ನು ಅಂಗೈ ಕಡೆಗೆ ತಿರುಗಿಸಿಕೊಂಡರೆ ಅಪಾಯವಿಲ್ಲ ಅಂತ ಅವಳ ಲೆಕ್ಕಾಚಾರ. ನಾಲ್ಕನೆಯದಕ್ಕೆ ಕೆಂಪು ಅರಗು ಹಚ್ಚಿದಳು. ಹೊಳಪಿಗೆ ಒಂದು ಹಳೇ ಹತ್ತಿ ಬಟ್ಟೆಯ ಚೂರು ತೆಗೆದುಕೊಂಡು ತಿರುಗುವ ಬುಗುರಿಗೆ ಒತ್ತಿದಳು.

ಬಟ್ಟೆಯ ಅಂಚಿನಲ್ಲಿ ಒಂದು ಎಳೆ ಬಿಚ್ಚಿತ್ತು. ಅದು ನನ್ನ ಹಲ್ಲಿನ ಸಂದಿಗೆ ಬಂತು. ಬೇಡ ಬೇಡ ಅಂದುಕೊಂಡೆ, ಆದರೆ ನನ್ನ ಹಲ್ಲು ಹಿಡಿಯಿತು. ಬುಗುರಿ ಬಟ್ಟೆಯನ್ನು ಸುತ್ತಿಕೊಂಡಿತು, ಬಟ್ಟೆ ನನ್ನನ್ನು ಎಳೆಯಿತು. ನಾನು ಸಡಿಲವಾಗಿದ್ದಿದ್ದರೆ ಬೆರಳಿನಿಂದ ಜಾರಿ ಬುಗುರಿಯ ಜೊತೆ ಹೋಗುತ್ತಿದ್ದೆ. ಗೋಡೆಗೆ ಬಡಿದು ನೆಗ್ಗಿಹೋಗುತ್ತಿದ್ದೆ, ಹೋಗಲಿ. ಆದರೆ ಒಳಗೆ ದಾರವಿತ್ತು. ಒತ್ತೊತ್ತಾಗಿ ಸುತ್ತಿದ ಅರಿಶಿನದ ದಾರ. ನಾನು ಜಾರಲಿಲ್ಲ.

ಆಮೇಲಿನದನ್ನು ಹೇಳಲಾರೆ. ಅವಳು ಒಂದೇ ಸಲ ಕೂಗಿದಳು. ಯಾರೋ ಓಡಿಬಂದು ಸ್ವಿಚ್ ಆರಿಸಿದರು. ಮುಗಿಸಿದ ಬುಗುರಿಗಳೆಲ್ಲ ಬುಟ್ಟಿ ಮಗುಚಿ ನೆಲದ ಮೇಲೆ ಉರುಳಾಡುತ್ತಿದ್ದವು.

ಆಸ್ಪತ್ರೆಯಲ್ಲಿ ಒಬ್ಬ ನರ್ಸು ಚಿಕ್ಕ ಗರಗಸದಿಂದ ನನ್ನನ್ನು ಕೊಯ್ದು ತೆಗೆದಳು. ಬೆರಳನ್ನು ಉಳಿಸಲು ಆಗಲಿಲ್ಲ. ನನ್ನನ್ನು ಒಂದು ಸ್ಟೀಲ್ ತಟ್ಟೆಗೆ ಹಾಕಿ ಮಂಚದ ಪಕ್ಕದಲ್ಲಿಟ್ಟರು. ಸೀಳಿದ ಚಿನ್ನ, ನೆನೆದು ಕಪ್ಪಾದ ದಾರ. ಹರಳು ಮಾತ್ರ ಭದ್ರವಾಗಿತ್ತು. ನನ್ನ ಹಲ್ಲು ಅದನ್ನೂ ಬಿಟ್ಟಿರಲಿಲ್ಲ.

ಮಧ್ಯಾಹ್ನ ಉಮಾಪತಿ ಓಡಿಬಂದ. ಮಂಚದ ಕಾಲು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅವನ ಹಿಂದೆ ಚೆನ್ನಾಜಮ್ಮ ಬಂದಳು. ಅವಳು ಮೊದಲು ನೋಡಿದ್ದು ತಟ್ಟೆಯಲ್ಲಿದ್ದ ನನ್ನನ್ನು, ಆಮೇಲೆ ಬ್ಯಾಂಡೇಜು ಸುತ್ತಿದ ಕೈಯನ್ನು, ಆಮೇಲೆ ಮಗನನ್ನು. ಅವನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಎರಡು ಕೈಯನ್ನೂ ಎತ್ತಿ ಮುಗಿದು ನಿಟ್ಟುಸಿರು ಬಿಟ್ಟಳು.

"ಶಿವನೇ... ತಲೆಗೆ ಬಂದದ್ದು ಪೇಟಕ್ಕೆ ಹೋಯ್ತು."

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಇಪ್ಪತ್ತೇಳು ವರ್ಷದ ಭಯ ಒಂದೇ ಸಲ ಬಾಯಿಂದ ಹೊರಗೆ ಬಿತ್ತು. ಹುಡುಗಿ ಮತ್ತಿನಲ್ಲಿದ್ದಾಳೆ ಅಂದುಕೊಂಡಿದ್ದಳು. ಹುಡುಗಿಯ ಕಣ್ಣು ಮುಚ್ಚಿತ್ತು ಅಷ್ಟೆ.

ಹತ್ತನೆಯ ದಿನ ಅವಳು ಮನೆಗೆ ಬಂದಳು. ಅಮ್ಮ ಮಗ ಇಬ್ಬರೂ ನೋಡಲು ಬಂದರು, ಹಣ್ಣು ಹೂವು ತಂದಿದ್ದರು. ಮದುವೆ ನಿಲ್ಲುವುದಿಲ್ಲ, ಕಾರ್ತೀಕದಲ್ಲಿ ಇಟ್ಟುಕೊಳ್ಳೋಣ ಅಂತ ಚೆನ್ನಾಜಮ್ಮ ದೊಡ್ಡ ಮನಸ್ಸು ಮಾಡಿ ಹೇಳಿದಳು. ಜಯಶೀಲಾ ಕರ್ಚೀಫಿನಲ್ಲಿ ಸುತ್ತಿಟ್ಟಿದ್ದ ನನ್ನನ್ನು ಬಲಗೈಯಲ್ಲಿ ತಂದು ಉಮಾಪತಿಯ ಮುಂದಿಟ್ಟಳು.

"ಅತ್ತೆ, ನಿಮ್ಮ ಮಗ ತಲೆ. ನಾನು ಪೇಟ. ಅಲ್ವಾ?"

ಹುಡುಗಿ ಉಮಾಪತಿಯ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ಉಂಗುರ ತೆಗ್ದು ಹತ್ತು ದಿನ ಆಯ್ತು. ನೀನು ಗುಂಡುಕಲ್ಲಿನ ಹಾಗೆ ಕೂತಿದ್ದೀಯ. ನೋಡ್ಕೊ. ನೀನು ಅವತ್ತು ಆಚಾರ್ರ ಅಂಗ್ಡೀಲಿ ಒಂದು ಮಾತು ಆಡಿದ್ರೆ ಸಾಕಿತ್ತು. ಹೋಗು."

ಅವನು ನನ್ನನ್ನು ಜೇಬಿಗೆ ಹಾಕಿಕೊಂಡು ಎದ್ದ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ. ಅವಳು ನೋಡಲಿಲ್ಲ.

ಒಡೆದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ಚೆನ್ನಾಜಮ್ಮ ನನ್ನನ್ನು ಆಚಾರಿಯ ಹತ್ತಿರ ತಂದು ಬೆಸೆದುಕೊಡಿ ಅಂದಳು. ಆಚಾರಿ ನನ್ನ ಸೀಳನ್ನು ನೋಡಿ, ಕನ್ನಡಕ ತೆಗೆದು, ಬಹಳ ಹೊತ್ತು ಕಣ್ಣು ಒರೆಸಿಕೊಂಡ. "ಬೆಸೆಯಲ್ಲ ತಾಯಿ. ಕರಗಿಸೋಕೆ ನೀವು ಒಪ್ಪಿದ ದಿನ ಬನ್ನಿ," ಅಂದ. ಅವಳು ಒಪ್ಪಲಿಲ್ಲ, ವಾಪಸ್ಸು ಒಯ್ಯಲೂ ಇಲ್ಲ. ಹಾಗೆ ಎರಡು ವರ್ಷದಿಂದ ನಾನು ಅವನ ಮರದ ಪೆಟ್ಟಿಗೆಯಲ್ಲಿ, ಮುರಿದ ಓಲೆ, ಒಂಟಿ ಜುಮುಕಿಗಳ ಮಧ್ಯೆ ಬಿದ್ದುಕೊಂಡಿದ್ದೇನೆ. ಒಮ್ಮೆ ಮೆಹರ್‌ಬಿ ಮೊಮ್ಮಗಳ ಕಾಲ್ಗೆಜ್ಜೆ ಮಾಡಿಸಲು ಬಂದಾಗ ಹೇಳುತ್ತಿದ್ದಳು: ಜಯಶೀಲಾ ಮತ್ತೆ ಲೇತ್ ಮುಂದೆ ಕೂತಿದ್ದಾಳಂತೆ. ಮೊದಮೊದಲು ಮರದ ತುಂಡು ಕೈಯಿಂದ ಜಾರಿ ಜಾರಿ ಬೀಳುತ್ತಿತ್ತಂತೆ. ಈಗ ಅವಳ ಬುಗುರಿ ಮೊದಲಿನ ಹಾಗೇ ತಿರುಗುತ್ತದಂತೆ. ಮದುವೆ ಮಾತು ಎತ್ತಿದರೆ ಎದ್ದು ಹೋಗುತ್ತಾಳಂತೆ. ಅದನ್ನು ಕೇಳಿ ನನಗೆ ಅಳು ಬಂತು ಅಂದರೆ ನೀವು ನಂಬಲಿಕ್ಕಿಲ್ಲ.

ಇಲ್ಲಿಗೇ ನನ್ನ ಕತೆ ಮುಗಿಯಬೇಕಿತ್ತು. ಇವತ್ತು ಬೆಳಿಗ್ಗೆ ಪೆಟ್ಟಿಗೆಯ ಮುಚ್ಚಳ ತೆರೆಯಿತು.

ಬೆಳಕಿಗೆ ಕಣ್ಣು ಹೊಂದಿಕೊಂಡಾಗ ಕಂಡೆ. ಚೆನ್ನಾಜಮ್ಮ ಕೂತಿದ್ದಳು, ಇನ್ನಷ್ಟು ಸೊರಗಿದ್ದಳು. ಪಕ್ಕದಲ್ಲಿ ಉಮಾಪತಿ. ಅವನ ಪಕ್ಕದಲ್ಲಿ ಒಬ್ಬಳು ಹೊಸ ಹುಡುಗಿ, ಹಸಿರು ಸೀರೆ, ತಲೆ ತುಂಬ ಮಲ್ಲಿಗೆ. ಎಡಗೈಯನ್ನು ಹಲಗೆಯ ಮೇಲೆ ಚಾಚಿದ್ದಳು.

"ಏನ್ ಕೆಲ್ಸ ಮಾಡ್ತೀಯಮ್ಮ?" ಆಚಾರಿ ಕೇಳಿದ.

"ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚೋ ಫ್ಯಾಕ್ಟ್ರೀಲಿ. ರಾಟೆ ಮೇಲೆ."

ಎಳೆಗಳು. ತಿರುಗುವ ರಾಟೆಗಳು. ನನ್ನ ಹಲ್ಲು ಜುಂ ಅಂದಿತು.

ಆಚಾರಿ ನನ್ನನ್ನು ಹಲಗೆಯ ಮೇಲೆ, ಸೀಳು ಮೇಲೆ ಬರುವ ಹಾಗೆ ಇಟ್ಟ. ಬೇಕೆಂದೇ ಇಟ್ಟ. ಹುಡುಗಿ ಬಗ್ಗಿ ನೋಡಿದಳು.

"ಚೆನ್ನಾಗಿದೆ. ಇದನ್ಯಾಕೆ ಇಲ್ಲಿ ಕತ್ತರಿಸಿದ್ದಾರೆ?"

ಕೇಳು ಮಗಳೇ, ಅದಕ್ಕೇ ಇಷ್ಟು ಹೊತ್ತು ನಾನು ಒದ್ದಾಡಿದ್ದು, ಹುಟ್ಟಿದಲ್ಲಿಂದ ಎಲ್ಲವನ್ನೂ ಒಂದನ್ನೂ ಬಿಡದೆ ಹೇಳಿದ್ದು. ನಿನಗೆ ಕೇಳಿಸುವುದಿಲ್ಲ, ಗೊತ್ತು.

"ಹಳೇದು ಕಣವ್ವ," ಅಂದಳು ಚೆನ್ನಾಜಮ್ಮ, ಕಣ್ಣು ತಪ್ಪಿಸಿ. "ಯಾರಿಗೋ ಬಿಗಿಯಾಗಿತ್ತು, ಕತ್ತರಿಸಿ ತೆಗೆದ್ರು. ಬೆಸೆದ್ರೆ ಸರಿಹೋಗುತ್ತೆ. ಶಾಸ್ತ್ರಕ್ಕೆ ಹಾಕ್ಕೊಂಡ್ರೆ ತಾಳಿ ಬೀಳೋ ತನಕ ತೆಗೀಬಾರ್ದು, ಅಷ್ಟೇ."

"ದಿನಾ ಕೆಲ್ಸದಲ್ಲೂ ಹಾಕ್ಕೊಂಡಿರ್ಬೇಕಾ?" ಹುಡುಗಿ ಹರಳಿನ ಎತ್ತರವನ್ನು ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ ಉಮಾಪತಿಯ ಮುಖ ನೋಡಿದಳು. ಆಚಾರಿಯೂ ಅವನ ಮುಖವನ್ನೇ ನೋಡಿದ. ನಾನೂ ನೋಡಿದೆ. ಹೇಳೋ, ಪುಣ್ಯಾತ್ಮ. ನನಗೆ ಬಾಯಿಲ್ಲ, ನಿನಗಿದೆ. ಒಂದು ಮಾತು ಸಾಕು.

ಅವನ ಕೈ ಕೆನ್ನೆಯ ಕಲೆಗೆ ಹೋಯಿತು. ತುಟಿ ಅಲುಗಿತು. ಅಮ್ಮನನ್ನು ನೋಡಿದ. ಚೆನ್ನಾಜಮ್ಮ ಆಗಲೇ ಚೀಲದೊಳಗೆ ಕೈ ಹಾಕಿ ದಾರದ ಉಂಡೆ ಹುಡುಕುತ್ತಿದ್ದಳು.

"ಮೂರು ತಿಂಗ್ಳು ತಾನೆ," ಅಂದ.